ಬಣ್ಣಕ್ಕೆ ಒಲಿದ ರಕ್ತಕಣಗಳು

ರಕ್ತಪರೀಕ್ಷೆಯ ವರದಿಯಲ್ಲಿ ನ್ಯೂಟ್ರೋಫಿಲ್, ಇಯೋಸಿನೋಫಿಲ್, ಬೇಸೋಫಿಲ್ ಎಂಬ ಬಿಳಿ ರಕ್ತಕಣಗಳ ಹೆಸರುಗಳು ಸಾಲಾಗಿ ಬರುತ್ತವೆ. ನಾವು ಅವನ್ನು ದಾಟಿ ಎದುರಿಗಿರುವ ಅಂಕಿಯನ್ನಷ್ಟೇ ನೋಡುತ್ತೇವೆ. ಮೂರರ ಕೊನೆಗೂ ಅಂಟಿಕೊಂಡಿರುವ ‘ಫಿಲ್’ ಗ್ರೀಕ್ ಮೂಲದ್ದು, ಪ್ರೀತಿಸುವಂಥದ್ದು ಎಂದು ಅದರ ಅರ್ಥ. ಬಿಳಿ ರಕ್ತಕಣ ಪ್ರೀತಿಸುವುದಾದರೂ ಏನನ್ನು? ಬಣ್ಣವನ್ನು.

1870ರ ದಶಕದ ಜರ್ಮನಿಯಲ್ಲಿ ಬಟ್ಟೆಗಳಿಗಾಗಿ ಕೃತಕ ಬಣ್ಣಗಳು ಒಂದರ ಹಿಂದೊಂದು ತಯಾರಾಗುತ್ತಿದ್ದವು. ಪಾಲ್ ಎರ್ಲಿಖ್ ಎಂಬ ತರುಣ ವೈದ್ಯರು ಅವನ್ನು ಗಾಜಿನ ಮೇಲೆ ಸವರಿದ ರಕ್ತಕ್ಕೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದುವರೆಗೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದ ಬಿಳಿ ಕಣಗಳು ಬೇರೆ ಬೇರೆ ಬಳಗಗಳಾಗಿ ಒಡೆದವು. ಇಯೋಸಿನ್ ಎಂಬ ಆಮ್ಲೀಯ ಬಣ್ಣವನ್ನು ಹೀರಿ ಕೆಂಪೇರಿದ ಕಣಗಳು ಇಯೋಸಿನೋಫಿಲ್ ಆದವು. ಎರ್ಲಿಖ್ ಅವನ್ನು ವರ್ಣಿಸಿದ್ದು 1879ರಲ್ಲಿ. ಪ್ರತ್ಯಾಮ್ಲೀಯ (ಬೇಸಿಕ್) ಬಣ್ಣಕ್ಕೆ ಒಲಿದದ್ದು ಬೇಸೋಫಿಲ್. ಯಾವ ಕಡೆಗೂ ವಾಲದೆ ತಟಸ್ಥವಾಗಿ ಉಳಿದದ್ದು ನ್ಯೂಟ್ರೋಫಿಲ್. ಇದರ ಮೊದಲರ್ಧ ಲ್ಯಾಟಿನ್ನಿನದು. ಇಯೋಸಿನ್ ಪದದೊಳಗೆ ಇರುವವಳು ಇಯೋಸ್, ಗ್ರೀಕರ ಅರುಣೋದಯದ ದೇವತೆ. ನಮ್ಮ ಉಷೆಯ ಹೆಸರೂ ಅವಳ ಹೆಸರೂ ಒಂದೇ ಮೂಲದಿಂದ ಬಂದವು. ಅಲರ್ಜಿಯಾದಾಗ, ಹೊಟ್ಟೆಯಲ್ಲಿ ಜಂತುಹುಳುವಿದ್ದಾಗ ವರದಿಯಲ್ಲಿ ಏರುವ ಸಂಖ್ಯೆಯ ಹಿಂದೆ ಇಷ್ಟು ಚೆಲುವಾದ ಹೆಸರಿರುವುದು ನನಗೆ ತುಂಬಾ ಇಷ್ಟ.

ಹೆಸರಿಟ್ಟವರ ಊಹೆ ಎಲ್ಲ ಸಲವೂ ಸರಿಯಾಗಿರಲಿಲ್ಲ. ಕಾಳುಗಳಂತಹ ರಚನೆಗಳಿಂದ ತುಂಬಿದ್ದ ಇನ್ನೊಂದು ಬಗೆಯ ಕೋಶ ಚೆನ್ನಾಗಿ ಮೇಯ್ದು ಕೊಬ್ಬಿದೆಯೆಂದು ಭಾವಿಸಿದ ಎರ್ಲಿಖ್, ಪುಷ್ಟಿಯ ಮೇವನ್ನು ಸೂಚಿಸುವ ಜರ್ಮನ್ ಪದದಿಂದ ಅದನ್ನು ಮಾಸ್ಟ್ ಕೋಶ ಎಂದರು. ಒಳಗಿದ್ದದ್ದು ಮೇವಲ್ಲ. ಅಲರ್ಜಿಯಲ್ಲಿ ತುರಿಕೆ, ಊತ ಹುಟ್ಟಿಸುವ ಹಿಸ್ಟಮೀನ್ ಅಲ್ಲಿತ್ತು. ಹೆಸರು ಮಾತ್ರ ಇಂದಿಗೂ ಹಾಗೆಯೇ ಇದೆ. ಲಿಂಫೋಸೈಟ್‌ನಂಥ ಹೆಸರುಗಳ ಕೊನೆಯಲ್ಲಿ ಕೋಶವನ್ನು ಸೂಚಿಸುವ ‘ಸೈಟ್’ ಕೂಡ ಟೊಳ್ಳು ಪಾತ್ರೆ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಯಾವ ಜೀವಕೋಶವೂ ಟೊಳ್ಳಲ್ಲ.

ವಿದ್ಯಾರ್ಥಿಗಳು ಎಡವುವುದು ಮೂಳೆಯ ಹತ್ತಿರ. ಆಸ್ಟಿಯೋಬ್ಲಾಸ್ಟ್, ಆಸ್ಟಿಯೋಕ್ಲಾಸ್ಟ್ ಎಂಬ ಮೂಳೆಯ ಕೋಶಗಳ ಹೆಸರು ಕಿವಿಗೆ ಒಂದೇ ಬಗೆ, ಕೆಲಸ ತದ್ವಿರುದ್ಧ. ‘ಬ್ಲಾಸ್ಟ್’ ಎಂದರೆ ಮೊಳಕೆ, ‘ಕ್ಲಾಸ್ಟ್’ ಎಂದರೆ ಮುರಿಯುವಂಥದ್ದು. ಒಂದು ಮೂಳೆಯನ್ನು ಕಟ್ಟುತ್ತದೆ, ಇನ್ನೊಂದು ಕರಗಿಸುತ್ತದೆ. ಮೂಳೆ ಸವೆತಕ್ಕೆ ವೈದ್ಯರು ಕೊಡುವ ಹಲವು ಔಷಧಿಗಳು ಈ ಎರಡನೆಯದರ ಕೈಕಟ್ಟುತ್ತವೆ.