ಬಿಎ ಅರ್ಜಿ ತುಂಬುವ ಮುನ್ನ ಹಳೇ ಪ್ರಶ್ನೆಪತ್ರಿಕೆ ಓದಿ

ಪಿಯು ಫಲಿತಾಂಶ ಬಂದ ವಾರ ನನ್ನ ಫೋನಿಗೆ ಬಿಡುವಿರುವುದಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು ನಾನು. ಫೋನ್ ಮಾಡುವ ಮಕ್ಕಳೆಲ್ಲ ಕೇಳುವುದು ಒಂದನ್ನೇ: "ಸರ್, ಎಕನಾಮಿಕ್ಸ್ ತಗೊಳ್ಳಲಾ, ಸೋಷಿಯಾಲಜಿ ತಗೊಳ್ಳಲಾ? ಯಾವುದಕ್ಕೆ ಸ್ಕೋಪ್ ಇದೆ?" ಫಿಲಾಸಫಿ ಎನ್ನುವವರು ವರ್ಷಕ್ಕೆ ಒಬ್ಬಿಬ್ಬರು. ಅಷ್ಟರಲ್ಲಿ ಅಪ್ಪನೋ ಸೋದರಮಾವನೋ ಫೋನ್ ಇಸಿದುಕೊಂಡು "ಅದು ಬೇಡ ಅಂತ ನೀವೇ ಹೇಳಿಬಿಡಿ ಸರ್" ಅನ್ನುತ್ತಾರೆ.

ಸ್ಕೋಪಿನ ಮಾತಿಗೆ ಮುಂಚೆ ನಾನು ಅಕ್ಕಿಯ ಮಾತೆತ್ತುತ್ತೇನೆ. 2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತಿತ್ತಲ್ಲ, 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ಶುರುಮಾಡಿದರಲ್ಲ, ಅದರ ಬಗ್ಗೆ ನಿನಗೆ ಮೊದಲು ಏನು ಕೇಳಬೇಕು ಅನ್ನಿಸುತ್ತದೆ?

ಒಬ್ಬಳು ಥಟ್ಟನೆ ಹೇಳಿದಳು: "ನಮ್ಮೂರ ಅಂಗಡೀಲಿ 34ಕ್ಕೆ ಅಕ್ಕಿ ಎಲ್ಲಿ ಸಿಗುತ್ತೆ ಸರ್?" ಸರ್ಕಾರ ಕಟ್ಟಿದ ಬೆಲೆಗೂ ಅಂಗಡಿಯ ಬೆಲೆಗೂ ಇರುವ ಅಂತರ, ರಾಗಿ ಉಣ್ಣುವ ಮನೆಗೆ ಅಕ್ಕಿಗಿಂತ ದುಡ್ಡೇ ಮೇಲಾಗಬಹುದೇ, ಎಲ್ಲರೂ ದುಡ್ಡು ಹಿಡಿದು ಅಂಗಡಿಗೆ ಹೋದರೆ ಅಕ್ಕಿಯ ಬೆಲೆ ಏನಾಗುತ್ತದೆ ಎಂಬುದೆಲ್ಲ ಅರ್ಥಶಾಸ್ತ್ರದ ದಾರಿ. ಇನ್ನೊಬ್ಬ ಹುಡುಗ ಕೇಳಿದ್ದು ಬೇರೆ. ರೇಷನ್ ಕಾರ್ಡಿನಲ್ಲಿ ಅಜ್ಜಿ ಯಜಮಾನಿ, ದುಡ್ಡು ಬೀಳುವುದು ಅಜ್ಜಿಯ ಖಾತೆಗೆ, ಪಾಸ್‌ಬುಕ್ ಇರುವುದು ದೊಡ್ಡಪ್ಪನ ಜೇಬಿನಲ್ಲಿ. ಹಾಗಿದ್ದರೆ ಅದು ಯಾರ ದುಡ್ಡು? ಅವನಿಗೆ ಸಮಾಜಶಾಸ್ತ್ರ ಒಗ್ಗುತ್ತದೆ ಎಂದು ನನಗೆ ಆಗಲೇ ಅನ್ನಿಸಿತು. ಹೋದ ವರ್ಷ ಒಬ್ಬಳು ಬಹಳ ಹೊತ್ತು ಸುಮ್ಮನಿದ್ದು, "ಬಾಣಂತಿಗೂ 170, ಐದು ವರ್ಷದ ಮಗುವಿಗೂ 170. ಇದನ್ನ ಸಮಾನತೆ ಅನ್ನಬಹುದಾ?" ಅಂದಳು. ತತ್ತ್ವಶಾಸ್ತ್ರ ಹುಟ್ಟುವುದು ಇಂಥ ಕಡೆಯೇ.

ಪದವಿಯ ಹೆಸರಿಗಿಂತ ಅದು ದಿನಾ ನಿಮ್ಮಿಂದ ಮಾಡಿಸುವ ಕೆಲಸ ಮುಖ್ಯ. ಈ ಮೂರೂ ಮಾಡಿಸುವ ಕೆಲಸ ಒಂದಕ್ಕೊಂದು ಹೋಲುವುದಿಲ್ಲ.

ಅರ್ಥಶಾಸ್ತ್ರದ ವಿಷಯದಲ್ಲಿ ನನಗೆ ಸಂಕಟವಿದೆ. "ಆರ್ಟ್ಸ್ ತಗೊಂಡ್ರೆ ಲೆಕ್ಕದ ಕಾಟ ಇರಲ್ಲ" ಎಂದು ನಂಬಿಸಿ ಮಕ್ಕಳನ್ನು ಕಳಿಸುತ್ತಾರೆ. ನಮ್ಮ ಬಿಎ ಪರೀಕ್ಷೆಗಳೂ ಆ ನಂಬಿಕೆಗೆ ನೀರೆರೆದಿವೆ. "ಬೇಡಿಕೆಯ ನಿಯಮವನ್ನು ವಿವರಿಸಿ" ಎಂದು ಕೇಳಿದರೆ ಉರು ಹೊಡೆದು ನಾಲ್ಕು ಪುಟ ಬರೆಯಬಹುದು. ನನ್ನ ಒಬ್ಬ ವಿದ್ಯಾರ್ಥಿನಿ ಹಾಗೆಯೇ ಬರೆದು ಬರೆದು ಕಾಲೇಜಿಗೇ ಮೊದಲಿಗಳಾದಳು. ದೊಡ್ಡ ಊರಿನಲ್ಲಿ ಎಂಎ ಸೇರಿದ ಎರಡನೇ ವಾರ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಪುಟದ ತುಂಬ ಬೆನ್ನು ಬಾಗಿದ ಡಿ ಅಕ್ಷರಗಳು, ಗಣಿತದ ಪಾರ್ಷಿಯಲ್ ಡಿರೈವೇಟಿವ್‌ನ ಗುರುತು. ಬೋರ್ಡಿನ ಮೇಲಿದ್ದುದನ್ನು ಚಿತ್ರ ಬರೆದ ಹಾಗೆ ಇಳಿಸಿಕೊಂಡಿದ್ದಳು. "ಇದನ್ನ ಹೇಗೆ ಓದಬೇಕು ಅಂತಾನೂ ಗೊತ್ತಿಲ್ಲ ಸರ್" ಎಂದು ಅತ್ತಳು. ಅವಳ ದಡ್ಡತನ ಅದರಲ್ಲಿ ಇನಿತೂ ಇರಲಿಲ್ಲ. ಮುಂದೆ ಗಣಿತ ಬೇಕಾಗುತ್ತದೆ ಎಂದು ಮೂರು ವರ್ಷ ಅವಳಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ಅಂದಿನಿಂದ ಎಲ್ಲರಿಗೂ ಮೊದಲೇ ಹೇಳುತ್ತೇನೆ. ದೆಹಲಿ ವಿಶ್ವವಿದ್ಯಾಲಯದ ಎಕನಾಮಿಕ್ಸ್ ಆನರ್ಸ್‌ಗೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಸಿಯುಇಟಿಯಲ್ಲಿ ಗಣಿತ ಬರೆದಿರಲೇಬೇಕು. ಪಿಯುನಲ್ಲಿ ಗಣಿತವಿಲ್ಲದ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡಿದ್ದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದ ಹಾಗೆಯೇ. ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಅರ್ಥಶಾಸ್ತ್ರ ಸ್ನಾತಕೋತ್ತರ ಪದವಿಯ ಪ್ರವೇಶ ಪರೀಕ್ಷೆಯಲ್ಲಿ ಒಂದು ಪತ್ರಿಕೆಯೇ ಗಣಿತದ್ದು. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಬಿಎ ಸಾಲದು, ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿಯೇ ಬೇಕು. ಲೆಕ್ಕವೆಂದರೆ ಭಯ ಎನ್ನುವ ಮಗುವಿಗೆ ಅರ್ಥಶಾಸ್ತ್ರ ಬೇಡವೆನ್ನುತ್ತಿಲ್ಲ. ಮೊದಲ ಸೆಮಿಸ್ಟರಿನಿಂದಲೇ ಪಿಯು ಗಣಿತದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಲಿ ಎನ್ನುತ್ತಿದ್ದೇನೆ.

ಸಮಾಜಶಾಸ್ತ್ರವನ್ನು ಸುಲಭದ ವಿಷಯ ಎನ್ನುವವರಿಗೆ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕೆಲಸ ನೆನಪಿಸುತ್ತೇನೆ. ಮೈಸೂರಿನಲ್ಲೇ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದವರು. ಅವರು ಅಲ್ಲಿ ಆನರ್ಸ್ ಮಾಡಿದ ವಿಷಯದ ಹೆಸರು ಸೋಷಿಯಲ್ ಫಿಲಾಸಫಿ. ನಾವು ಇಂದು ಗೋಡೆ ಕಟ್ಟಿಕೊಂಡಿರುವ ವಿಷಯಗಳು ಅಂದು ಒಂದೇ ಪದವಿಯಲ್ಲಿ ಕೂಡಿದ್ದವು. ಮುಂದೆ 1948ರಲ್ಲಿ ಅವರು ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು, ಯಾರ ಜಗುಲಿಯಲ್ಲಿ ಯಾರು ಕೂರುತ್ತಾರೆ, ಜಗಳವನ್ನು ಯಾರು ತೀರ್ಮಾನ ಮಾಡುತ್ತಾರೆ ಎಂದು ಕಣ್ಣಾರೆ ಕಂಡು ಬರೆದುಕೊಂಡರು. ಇಂದು ಚುನಾವಣೆ ಬಂದಾಗಲೆಲ್ಲ ಪತ್ರಿಕೆಗಳು ಬಳಸುವ 'ಪ್ರಬಲ ಜಾತಿ' ಎಂಬ ಮಾತನ್ನು ರೂಢಿಗೆ ತಂದವರು ಅವರೇ. ಜನರ ನಡುವೆ ಕೂತು, ಕೇಳಿಸಿಕೊಂಡು, ರಾತ್ರಿ ಬರೆದಿಡುವ ತಾಳ್ಮೆ ಬೇಕು. ಒಂದು ಎಚ್ಚರಿಕೆ: ಎನ್‌ಜಿಒ, ಆಸ್ಪತ್ರೆ, ಕಂಪನಿಗಳ ಸಮಾಜಕಾರ್ಯದ ಹುದ್ದೆಗೆ ಸಾಮಾನ್ಯವಾಗಿ ಕೇಳುವುದು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಎಂಎ ಸಮಾಜಶಾಸ್ತ್ರ ಅದರ ಜಾಗದಲ್ಲಿ ನಡೆಯುತ್ತದೆ ಎಂದುಕೊಂಡು ಎಡವಿದವರನ್ನು ಕಂಡಿದ್ದೇನೆ.

ತತ್ತ್ವಶಾಸ್ತ್ರವನ್ನು ಬಿಎಗೆ ಇಟ್ಟಿರುವ ಕಾಲೇಜುಗಳು ನಮ್ಮಲ್ಲಿ ಕಡಿಮೆ, ಉಪನ್ಯಾಸಕ ಹುದ್ದೆಗಳು ಇನ್ನೂ ಕಡಿಮೆ. ಇದನ್ನು ಮುಚ್ಚಿಡುವುದು ಮಕ್ಕಳಿಗೆ ಮಾಡುವ ಮೋಸ. ಇಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಅವರ ಸಾರೋಟನ್ನು ಸ್ಟೇಷನ್ನಿನವರೆಗೆ ಎಳೆದರಂತೆ. ಅಂಥ ನಾಡಿನಲ್ಲಿ ಹೀಗಾಗಿದೆ ಎನ್ನುವುದು ನೋವಿನ ಮಾತು. ಆದರೂ ಒಂದು ಪುಟವನ್ನು ಒಂದು ಗಂಟೆ ಓದಿ, ಲೇಖಕನ ವಾದ ಎಲ್ಲಿ ಎಡವಿತು ಎಂದು ಹುಡುಕುವುದರಲ್ಲಿ ಸುಖ ಕಾಣುವವರಿಗೆ ಅದು ಕಲಿಸುವುದನ್ನು ಬೇರೆ ಯಾವುದೂ ಕಲಿಸದು. ಕಾನೂನು ಓದಲು ಹೋದ ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನೇ ಹೇಳುತ್ತಾರೆ. 2013ರಿಂದ ಸಿವಿಲ್ ಸರ್ವಿಸ್ ಮುಖ್ಯ ಪರೀಕ್ಷೆಯಲ್ಲಿ ನೀತಿಶಾಸ್ತ್ರದ ಪತ್ರಿಕೆ ಎಲ್ಲರಿಗೂ ಕಡ್ಡಾಯ ಎನ್ನುವುದು ಬೇಡವೆನ್ನುವ ಮಾವಂದಿರಿಗೆ ಗೊತ್ತಿರಲಿ.

ಮೂರರಲ್ಲಿ ಒಂದನ್ನೇ ಆರಿಸಬೇಕೆಂಬ ಕಟ್ಟೂ ಇಲ್ಲ. ಆಕ್ಸ್‌ಫರ್ಡಿನಲ್ಲಿ 1920ರ ಸುಮಾರಿಗೆ ತತ್ತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಒಂದೇ ಪದವಿಯಾಗಿ ಕೂಡಿಸಿದರು. ಮೊದಲ ವರ್ಷ ಮೂರನ್ನೂ ಓದಿ, ಬೇಕಿದ್ದರೆ ಆಮೇಲೆ ಒಂದನ್ನು ಬಿಡಬಹುದು. ಇತಿಹಾಸ, ಅರ್ಥಶಾಸ್ತ್ರಗಳ ಜೊತೆ ರಾಜ್ಯಶಾಸ್ತ್ರವಿರುವ ನಮ್ಮ ಎಚ್‌ಇಪಿ, ಸಮಾಜಶಾಸ್ತ್ರವಿರುವ ಎಚ್‌ಇಎಸ್ ಕಾಂಬಿನೇಷನ್‌ಗಳಲ್ಲೂ ಹೀಗೆ ವಿಷಯಗಳನ್ನು ಕೂಡಿಸಿ ಓದುವ ಅವಕಾಶವಿದೆ. ಆದರೆ ಅರ್ಥಶಾಸ್ತ್ರದ ಮೇಷ್ಟ್ರೂ ಸಮಾಜಶಾಸ್ತ್ರದ ಮೇಡಮ್ಮೂ ಒಂದೇ ಅಕ್ಕಿಯ ಪ್ರಶ್ನೆಯನ್ನು ಒಟ್ಟಿಗೆ ಕೂತು ಚರ್ಚಿಸಿದ್ದನ್ನು ನಾನು ಎರಡು ಮೂರು ಕಡೆ ಮಾತ್ರ ನೋಡಿದ್ದೇನೆ. 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿರುವುದರಿಂದ, ವಿದೇಶದಲ್ಲಿ ಓದುವ ಆಸೆಯಿರುವವರು ಅಲ್ಲಿ ನಾಲ್ಕು ವರ್ಷದ ಪದವಿ ಕೇಳುತ್ತಾರೆಯೇ ಎಂದು ಈಗಲೇ ವಿಚಾರಿಸಿಕೊಳ್ಳಲಿ.

ಅರ್ಜಿ ತುಂಬುವ ಮುನ್ನ ಕಾಲೇಜಿನ ಲೈಬ್ರರಿಗೆ ಹೋಗಿ ಐದನೇ ಸೆಮಿಸ್ಟರಿನ ಹಳೇ ಪ್ರಶ್ನೆಪತ್ರಿಕೆಗಳನ್ನು ಕೇಳಿ ಪಡೆಯಿರಿ. ಮೂರು ವಿಷಯದವನ್ನೂ ಮೇಜಿನ ಮೇಲೆ ಹರಡಿಕೊಂಡು ಓದಿ. ಉತ್ತರ ಗೊತ್ತಿಲ್ಲದಿದ್ದರೂ ಯಾವ ಪತ್ರಿಕೆಯ ಮುಂದೆ ಹೆಚ್ಚು ಹೊತ್ತು ಕೂತಿರಿ ಎಂದು ನನಗೆ ಫೋನ್ ಮಾಡಿ ಹೇಳಿ. ಅಂಕಪಟ್ಟಿಯ ಮಾತನ್ನು ಅದಾದ ಮೇಲೆ ಆಡೋಣ.