ನನಗೇ ಚಿತ್ರ ಬರೋದಿಲ್ಲ, ಮಕ್ಕಳಿಗೆ ಹೇಗೆ ಕಲಿಸಲಿ?

ಪ್ರಶ್ನೆ: ಸೋಮವಾರಪೇಟೆ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಡ್ರಾಯಿಂಗ್ ಮೇಷ್ಟ್ರು ಇಲ್ಲ. ಆರರಿಂದ ಹತ್ತನೇ ಕ್ಲಾಸಿನವರೆಗೆ ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಇದೆ. ಈ ವರ್ಷ ಅದು ನನ್ನ ಪಾಲಿಗೆ ಬಂದಿದೆ. ನನಗೇ ಚಿತ್ರ ಬರೋದಿಲ್ಲ. ಬೋರ್ಡ್ ಮೇಲೆ ಹಸು ಬಿಡಿಸಿದರೆ ಮಕ್ಕಳು ನಗುತ್ತಾರೆ. ‘ಇಷ್ಟ ಬಂದದ್ದು ಬಿಡಿಸಿ’ ಅಂದರೆ ಎಲ್ಲರದ್ದೂ ಅದೇ ಬೆಟ್ಟ, ಅದೇ ಸೂರ್ಯ, ಅದೇ ಮನೆ. ದೊಡ್ಡ ಕ್ಲಾಸಿನವರು ಅದನ್ನೂ ಮಾಡುವುದಿಲ್ಲ, ‘ನಂಗೆ ಬರಲ್ಲ ಮಿಸ್’ ಅಂತ ಕೂತುಬಿಡುತ್ತಾರೆ. ಏನು ಮಾಡಲಿ?

ಉತ್ತರ: ಟೀಚರ್, ಕೊಡಗಿನಲ್ಲಿ ಚಿತ್ರಕಲೆ ಕಲಿಸುತ್ತಾ ಬಂದ ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಕನ್ನಡ ಮೇಷ್ಟ್ರು, ಪಿ.ಟಿ. ಮೇಷ್ಟ್ರು, ಗಣಿತದ ಮೇಡಂ ಎಲ್ಲರೂ ಕೇಳಿದ್ದಾರೆ. ಎಲ್ಲರಿಗೂ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಮಗೆ ಚಿತ್ರ ಬಾರದಿದ್ದರೂ ನೀವು ಕಲಿಸಬಹುದು. ಈ ವಯಸ್ಸಿನ ಮಕ್ಕಳಲ್ಲಿ ಕೈಗಿಂತ ಮೊದಲು ಕಣ್ಣಿಗೆ ಕೆಲಸ ಕೊಡಬೇಕು. ನೀವು ವಿಜ್ಞಾನದವರು. ಗಮನವಿಟ್ಟು ನೋಡುವುದು ಹೇಗೆ ಅಂತ ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ನೀವು ಹೇಳಿದ ಆ ಬೆಟ್ಟದಿಂದಲೇ ಶುರು ಮಾಡೋಣ. ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನ ಹಾಗೆ ಒಂದು ಹೊಳೆ, ಪಕ್ಕದಲ್ಲಿ ತೆಂಗಿನ ಮರ. ಬಯಲುಸೀಮೆಯ ಮಗು ಹೀಗೆ ಬಿಡಿಸಿದರೆ ಅರ್ಥವಾಗುತ್ತದೆ. ಆದರೆ ನಮ್ಮ ಮಕ್ಕಳು ಕಿಟಕಿ ತೆರೆದರೆ ಬೆಟ್ಟವೇ ಕಾಣುವುದು, ಅಲ್ವಾ? 1748 ಮೀಟರ್ ಎತ್ತರದ ತಡಿಯಂಡಮೋಳ್ ನಮ್ಮ ಜಿಲ್ಲೆಯಲ್ಲೇ ಇದೆ. ಅದು ತ್ರಿಕೋನವಲ್ಲ. ನಮ್ಮ ಬೆಟ್ಟಗಳ ಬೆನ್ನು ಮಲಗಿದ ದನದ ಬೆನ್ನಿನ ಹಾಗೆ. ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಕಿಟಕಿಯಾಚೆ ಇಷ್ಟೆಲ್ಲ ಇದ್ದರೂ ಮಗು ತ್ರಿಕೋನ ಹಾಕುತ್ತದೆ. ಅದು ಬೆಟ್ಟವನ್ನು ನೋಡಿ ಬಿಡಿಸುತ್ತಿಲ್ಲ. ‘ಬೆಟ್ಟ’ ಅನ್ನುವ ಪದಕ್ಕೆ ಕಲಿತ ಗುರುತನ್ನು ಬರೆಯುತ್ತಿದೆ, ಅಕ್ಷರ ಬರೆದ ಹಾಗೆ.

ಚಿಕ್ಕ ಮಕ್ಕಳಿಗೆ ಆ ಗುರುತುಗಳೇ ಸಾಕು. ಹನ್ನೊಂದು, ಹನ್ನೆರಡು ದಾಟುವಾಗ ಕಥೆ ಬದಲಾಗುತ್ತದೆ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಕಲಾ ಶಿಕ್ಷಕ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ಇದನ್ನು ಹಂತ ಹಂತವಾಗಿ ಬರೆದಿಟ್ಟರು. ಸುಮಾರು 12ರಿಂದ 14ರ ವಯಸ್ಸಿನಲ್ಲಿ ಮಕ್ಕಳಿಗೆ ತಮ್ಮ ಚಿತ್ರ ನಿಜದ ಹಾಗೆ ಕಾಣಬೇಕು ಅನ್ನುವ ಆಸೆ ಬರುತ್ತದೆ. ಕಣ್ಣು ಮುಂದೆ ಹೋಗಿರುತ್ತದೆ, ಕೈ ಹಿಂದೆ ಉಳಿದಿರುತ್ತದೆ. ತಾನು ಬಿಡಿಸಿದ್ದು ಸರಿಯಾಗಿಲ್ಲ ಅಂತ ಅವರಿಗೇ ಕಾಣುತ್ತದೆ. ‘ನಂಗೆ ಬರಲ್ಲ’ ಅನ್ನುವ ಮಾತು ಹುಟ್ಟುವುದು ಅಲ್ಲಿ. ಅದನ್ನು ಸೋಮಾರಿತನ ಅಂತ ತಿಳಿಯಬೇಡಿ. ಆ ಮಗುವಿನ ಕಣ್ಣು ಚುರುಕಾಗಿದೆ, ಅಷ್ಟೇ.

ಆ ಹೊತ್ತಿನಲ್ಲಿ ನಾವು ಏನು ಮಾಡುತ್ತೇವೆ ಅನ್ನುವುದು ತುಂಬಾ ಮುಖ್ಯ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸ್ಪರ್ಧೆಗೆ ಅಂತ ಒಂದು ಜೋಡಿ ಎತ್ತು ಬಿಡಿಸಿದ್ದೆ. ಕಾಲುಗಳು ಸರಿಯಾಗಿರಲಿಲ್ಲ. ನಮ್ಮ ಮೇಷ್ಟ್ರು ಪ್ರೀತಿಯಿಂದಲೇ ಪಕ್ಕ ಬಂದು ಕೂತರು, ರಬ್ಬರ್ ತೆಗೆದುಕೊಂಡು ಅಳಿಸಿದರು, ತಾವೇ ತಿದ್ದಿದರು. ಚಿತ್ರಕ್ಕೆ ಬಹುಮಾನ ಬಂತು. ಮನೆಯಲ್ಲಿ ಅಮ್ಮ ಅದನ್ನು ಗೋಡೆಗೆ ಹಾಕಿದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಆ ಕಾಲುಗಳು ನನ್ನವಲ್ಲ ಅಂತ ನನಗೊಬ್ಬನಿಗೇ ಗೊತ್ತಿತ್ತು. ಆಮೇಲೆ ಎರಡು ವರ್ಷ ನಾನು ಎತ್ತು ಬಿಡಿಸಲಿಲ್ಲ. ಹಾಗಾಗಿ ನನ್ನ ಕ್ಲಾಸಿನಲ್ಲಿ ಒಂದು ನಿಯಮ ಇದೆ. ಮಗುವಿನ ಹಾಳೆಯ ಮೇಲೆ ನನ್ನ ಪೆನ್ಸಿಲ್ ಇಳಿಯುವುದಿಲ್ಲ. ತೋರಿಸಲೇಬೇಕಾದರೆ ಬೇರೆ ಹಾಳೆಯಲ್ಲಿ ತೋರಿಸುತ್ತೇನೆ. ನಿಮಗಂತೂ ಇದು ಸುಲಭ, ನಿಮ್ಮ ಕೈ ತಿದ್ದಲು ಹೋಗುವುದೇ ಇಲ್ಲ!

ಮೊದಲ ಪೀರಿಯಡ್‌ಗೆ ಎಲೆ ಸಾಕು. ಒಬ್ಬೊಬ್ಬರೂ ಎರಡು ಕಾಫಿ ಎಲೆ ತರಲಿ, ಒಂದು ಅರೇಬಿಕಾ, ಒಂದು ರೊಬಸ್ಟಾ. ಎಲೆ ಡೆಸ್ಕಿನ ಒಂದು ಬದಿಗೆ, ಹಾಳೆ ಬರೆಯುವ ಕೈಯ ಬದಿಗೆ. ಅರೇಬಿಕಾ ಎಲೆಯಿಂದ ಶುರು ಮಾಡಲಿ. ಅದರ ಅಂಚಿನ ಮೇಲೆ ತೊಟ್ಟಿನಿಂದ ಒಂದು ಇರುವೆ ಹೊರಟಿದೆ ಅಂತ ಹೇಳಿ. ಕಣ್ಣು ಇರುವೆಯ ಜೊತೆ ಹೋಗಬೇಕು, ಪೆನ್ಸಿಲ್ ಕಣ್ಣಿನ ಜೊತೆ ಹೋಗಬೇಕು. ಇರುವೆಗಿಂತ ಬೇಗ ಓಡಬಾರದು. ಹಾಳೆ ನೋಡಬಾರದು. ರಬ್ಬರ್ ಬ್ಯಾಗಿನಲ್ಲೇ ಇರಲಿ. ಐದು ನಿಮಿಷ ಯಾರೂ ಮಾತಾಡಬಾರದು. ಅಮೆರಿಕದ ಚಿತ್ರಕಲಾ ಶಿಕ್ಷಕ ಕಿಮೊನ್ ನಿಕೊಲೈಡ್ಸ್ ತಮ್ಮ ವಿದ್ಯಾರ್ಥಿಗಳಿಗೆ ಈ ಬಗೆಯ ಅಭ್ಯಾಸವನ್ನೇ ಮೊದಲು ಮಾಡಿಸುತ್ತಿದ್ದರು.

ಬರುವ ಚಿತ್ರ ಸೊಟ್ಟಗಿರುತ್ತದೆ. ಶುರುವಾದ ಜಾಗಕ್ಕೆ ಗೆರೆ ಬಂದು ಸೇರುವುದೇ ಇಲ್ಲ. ಕ್ಲಾಸಿನಲ್ಲಿ ‘ಚೆನ್ನಾಗಿ ಬಿಡಿಸುವವನು’ ಅಂತ ಹೆಸರು ಮಾಡಿದ ಹುಡುಗನದ್ದೂ ಹಾಗೇ. ಎಲ್ಲರೂ ಒಟ್ಟಿಗೆ ನಗುತ್ತಾರೆ, ಯಾರೂ ಸೋತಿರುವುದಿಲ್ಲ. ಆದರೆ ಆ ಸೊಟ್ಟ ಗೆರೆಯನ್ನು ಸರಿಯಾಗಿ ನೋಡಿ. ಎಲೆಯ ಅಂಚಿನ ಅಲೆ, ಹುಳ ತಿಂದ ತೂತು, ತುದಿಯ ಚೂಪು ಎಲ್ಲ ಅದರಲ್ಲಿ ಬಂದಿರುತ್ತದೆ. ಆಮೇಲೆ ಹಾಳೆ, ಎಲೆ ಎರಡನ್ನೂ ನೋಡಿಕೊಂಡು ಎರಡೂ ಎಲೆಗಳನ್ನು ಬಿಡಿಸಲಿ. ಈ ಸಲ ಒಂದು ಷರತ್ತು. ಅರೇಬಿಕಾ ಯಾವುದು, ರೊಬಸ್ಟಾ ಯಾವುದು ಅಂತ ಚಿತ್ರ ನೋಡಿಯೇ ಹೇಳುವಂತಿರಬೇಕು. ರೊಬಸ್ಟಾ ಎಲೆ ದೊಡ್ಡದು, ಅಗಲ ಜಾಸ್ತಿ, ನರಗಳ ನಡುವೆ ಉಬ್ಬುತಗ್ಗು. ಅರೇಬಿಕಾ ಎಲೆ ಸಣ್ಣದು, ಕಡು ಹಸಿರು, ಹೊಳಪು. ತೋಟದ ಮಕ್ಕಳಿಗೆ ಇದು ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತು. ‘ಚೆನ್ನಾಗಿದೆಯಾ’ ಅಂತ ಕೇಳುವ ಬದಲು ‘ಗೊತ್ತಾಗುತ್ತಾ’ ಅಂತ ಕೇಳಿದರೆ ಮಕ್ಕಳ ಹೆದರಿಕೆ ಅರ್ಧ ಇಳಿಯುತ್ತದೆ.

ಇನ್ನೊಂದು ಪಾಠಕ್ಕೆ ಬಳೆ ಬೇಕು, ನಿಮ್ಮ ಕೈಯಲ್ಲಿರುವುದೇ ಆದೀತು. ಚೊಂಬು, ಲೋಟ ಬಿಡಿಸುವಾಗ ಎಲ್ಲ ಮಕ್ಕಳೂ ಬಾಯಿಯನ್ನು ಮೊಟ್ಟೆಯಾಕಾರದಲ್ಲಿ ಹಾಕಿ, ತಳಕ್ಕೆ ಮಾತ್ರ ನೇರ ಗೆರೆ ಎಳೆಯುತ್ತಾರೆ. ಬೈಯಬೇಡಿ. ಒಂದು ಕಣ್ಣು ಮುಚ್ಚಿ, ಬಳೆಯನ್ನು ಮಲಗಿಸಿ ಕಣ್ಣಿನ ಮಟ್ಟಕ್ಕೆ ಹಿಡಿಯಲು ಹೇಳಿ. ಬಳೆ ಬರೀ ಗೆರೆಯಾಗುತ್ತದೆ. ನಿಧಾನವಾಗಿ ಕೆಳಗಿಳಿಸಿದರೆ ಬಾಯಿ ತೆರೆಯುತ್ತಾ ಹೋಗುತ್ತದೆ. ಹೆಚ್ಚು ಇಳಿಸಿದಷ್ಟೂ ಹೆಚ್ಚು ದುಂಡು. ಈಗ ಮೇಜಿನ ಮೇಲೆ ಲೋಟ ಇಟ್ಟು ಕೇಳಿ, ಬಾಯಿ ಮತ್ತು ತಳ ಇವೆರಡರಲ್ಲಿ ಕಣ್ಣಿನ ಮಟ್ಟದಿಂದ ಜಾಸ್ತಿ ಕೆಳಗಿರುವುದು ಯಾವುದು? ತಳ. ಹಾಗಾದರೆ ಹೆಚ್ಚು ಬಾಗಬೇಕಾದ ಗೆರೆ ಯಾವುದು? ಉತ್ತರವನ್ನು ಅವರೇ ಕಂಡುಹಿಡಿಯುತ್ತಾರೆ. ನೀವು ಬೋರ್ಡ್ ಮೇಲೆ ಒಂದು ಗೆರೆಯನ್ನೂ ಎಳೆದಿರುವುದಿಲ್ಲ.

ಬಣ್ಣಕ್ಕೆ ಬಂದರೆ ಮೊದಲು ನಮ್ಮ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಜುಲೈಯಲ್ಲಿ ಹಾಳೆ ತಾನಾಗಿಯೇ ತೇವ ಹಿಡಿದಿರುತ್ತದೆ, ಜಲವರ್ಣ ಹಚ್ಚಿದರೆ ಪೀರಿಯಡ್ ಮುಗಿದರೂ ಒಣಗುವುದಿಲ್ಲ. ಮಳೆಗಾಲದಲ್ಲಿ ಪೆನ್ಸಿಲ್, ಇದ್ದಿಲು ಇಟ್ಟುಕೊಳ್ಳಿ. ಒಲೆಯಿಂದ ತಂದ ಒಳ್ಳೆಯ ಇದ್ದಿಲು ಧಾರಾಳ ಸಾಕು. ಬಿಸಿಲು ಬಂದ ಮೇಲೆ ಬಣ್ಣ. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಬಣ್ಣ ಇದೆ, ಕಾಫಿ.

ಅರ್ಧ ಲೋಟ ಬಿಸಿನೀರಿಗೆ ಎರಡು ಚಮಚ ಪುಡಿ ಹಾಕಿ ಡಿಕಾಕ್ಷನ್ ಇಳಿಸಿ. ಸಕ್ಕರೆ ಬೇಡ, ಹಾಳೆ ಅಂಟಾಗುತ್ತದೆ, ಇರುವೆ ಬರುತ್ತದೆ. ಐದು ಮುಚ್ಚಳಗಳಲ್ಲಿ ಬೇರೆ ಬೇರೆ ಪ್ರಮಾಣದ ನೀರು ಬೆರೆಸಿದರೆ ತೆಳು ಕಂದಿನಿಂದ ಗಾಢ ಕಂದಿನವರೆಗೆ ಐದು ಛಾಯೆ. ಅಂದಂದೇ ಮಾಡಿಕೊಳ್ಳಿ, ಇಟ್ಟರೆ ಬೂಸು ಬರುತ್ತದೆ. ಆಮೇಲೆ ಮಕ್ಕಳನ್ನು ಮಂಜಿನ ಬೆಳಗ್ಗೆ ಜಗಲಿಗೆ ಕರೆದುಕೊಂಡು ಹೋಗಿ. ಹತ್ತಿರದ ಸಿಲ್ವರ್ ಓಕ್ ಕಪ್ಪಗಿದೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಎಲೆ ಎಲೆಯೂ ಕಾಣುತ್ತದೆ. ಅದರ ಹಿಂದಿನ ಮರ ಬೂದಿ. ಅದರ ಹಿಂದಿನದಕ್ಕೆ ಬರೀ ಆಕಾರ. ಬೆಟ್ಟ ಇದೆಯೋ ಇಲ್ಲವೋ ಅನ್ನುವ ಹಾಗೆ. ನಡುವಿನ ನೀರಿನ ಕಣಗಳು ಬೆಳಕನ್ನು ಚದುರಿಸುತ್ತವೆ, ದೂರ ಹೋದಷ್ಟೂ ಕಪ್ಪು ಬಿಳುಪಿನ ವ್ಯತ್ಯಾಸ ಕಡಿಮೆಯಾಗುತ್ತದೆ. ಈ ಭಾಗ ನಿಮ್ಮದೇ ಪಾಠ. ಬೇಸಿಗೆಯ ದಿನ ಅದೇ ದೂರದ ಬೆಟ್ಟ ಯಾಕೆ ನೀಲಿ ಅಂತಲೂ ಕೇಳಬಹುದು.

ಒಳಗೆ ಬಂದು, ಅತಿ ತೆಳು ಕಾಫಿಯಲ್ಲಿ ದೂರದ ಬೆಟ್ಟ ಹಚ್ಚಲಿ. ಒಣಗಿದ ಮೇಲೆ ಅದರ ಮುಂದಿನದು, ಸ್ವಲ್ಪ ಗಟ್ಟಿ. ಕೊನೆಗೆ ಹತ್ತಿರದ ಮರ, ಅತಿ ಗಟ್ಟಿ. ಅರ್ಧ ಗಂಟೆಯಲ್ಲಿ ಹಾಳೆಯ ಮೇಲೆ ದೂರ ಹುಟ್ಟುತ್ತದೆ. ಇದನ್ನು ನಾನು ಎಷ್ಟು ಸಲ ಮಾಡಿಸಿದ್ದೇನೋ, ಆ ಕ್ಷಣದಲ್ಲಿ ಮಕ್ಕಳ ಮುಖ ನೋಡುವುದು ನನಗೆ ಇವತ್ತಿಗೂ ಸಾಕಾಗಿಲ್ಲ. ತ್ರಿಕೋನದ ಬೆಟ್ಟ ಅದರ ನಂತರ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಒಂಬತ್ತು, ಹತ್ತನೇ ಕ್ಲಾಸಿನವರ ವಿಷಯ ಸ್ವಲ್ಪ ಬೇರೆ. ಅವರು ಮೊಬೈಲ್ ನೋಡಿ ಕಾರ್ಟೂನ್ ಮುಖ ಇಳಿಸಿಕೊಳ್ಳುತ್ತಾರೆ. ಬೇಡ ಅನ್ನಬೇಡಿ, ಕೈ ಪಳಗುತ್ತದೆ. ‘ಇದೇ ಹುಡುಗ ಕೊಡೆ ಹಿಡಿದು ನಮ್ಮ ಬಸ್‌ಸ್ಟಾಪಿನಲ್ಲಿ ನಿಂತರೆ ಹೇಗಿರುತ್ತಾನೆ?’ ಅಂತ ಕೇಳಿ. ನಕಲು ಅಲ್ಲಿಗೆ ನಿಲ್ಲುತ್ತದೆ. ಈ ವಯಸ್ಸಿನವರಿಗೆ ಹೇಳಲು ಮಾತುಗಳಿರುತ್ತವೆ. ಕಾಫಿ ಕೊಯ್ಲಿನ ಸಮಯದಲ್ಲಿ ಮನೆಯವರ ಕೈ ಬಿಡಿಸಿ ತನ್ನಿ ಅಂದರೆ, ಬೆರಳ ಸಂದಿನ ಕಲೆಯನ್ನೂ ಬಿಡದೆ ತರುತ್ತಾರೆ. ಐನ್‌ಮನೆಯ (ಕೊಡವ ಕುಟುಂಬದ ಹಿರಿಯರ ಮೂಲ ಮನೆ) ಕಂಬದ ಕೆತ್ತನೆ, ಅಜ್ಜಿಯ ಸೀರೆಯ ಹಿಂದಿನ ನೆರಿಗೆ, ತೋಟದ ಕೆಲಸದವರ ಲೈನ್ ಮನೆಯ ಮುಂದೆ ಒಣಗಲು ಹಾಕಿದ ಬಟ್ಟೆ, ಯಾವುದೂ ಕಡಿಮೆಯಲ್ಲ. ನಮ್ಮ ಒಂದೊಂದು ಕ್ಲಾಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಆಡುವ ಮಕ್ಕಳಿರುತ್ತಾರೆ. ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳಿಗೆ ಕನ್ನಡ ಇನ್ನೂ ತೊಡಕು. ಡ್ರಾಯಿಂಗ್ ಪೀರಿಯಡ್‌ನಲ್ಲಿ ಮಾತ್ರ ಅವರಿಗೆ ಯಾವ ತೊಡಕೂ ಇಲ್ಲ. ಇಡೀ ವಾರ ಬಾಯಿ ತೆರೆಯದ ಹುಡುಗಿ ತನ್ನ ಚಿತ್ರ ಹಿಡಿದು ಮುಂದೆ ಬಂದು ನಿಂತದ್ದನ್ನು ನಾನು ನೋಡಿದ್ದೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದವಲ್ಲ, ಶಾಲೆ ಮತ್ತೆ ಶುರುವಾದಾಗ ಒಬ್ಬ ಹುಡುಗ ಹಸಿರು ಬೆಟ್ಟದ ನಡುವೆ ಮೇಲಿನಿಂದ ಕೆಳಗಿನವರೆಗೆ ಕೆಂಪು ಮಣ್ಣಿನ ಗಾಯ ಬಿಡಿಸಿದ್ದ. ನಾನು ಆ ವಿಷಯ ಕೊಟ್ಟಿರಲಿಲ್ಲ, ಕೊಡಲೂಬಾರದು. ಆದರೆ ಮಗು ತಾನಾಗಿ ಅಂಥದ್ದನ್ನು ತಂದರೆ ‘ಚೆಂದ ಮಾಡು, ಹೂವು ಹಾಕು’ ಅನ್ನಬೇಡಿ. ಪಕ್ಕದಲ್ಲಿ ಕೂತು ನೋಡಿ. ಅವನು ಹೇಳಿದರೆ ಕೇಳಿ. ಹೇಳದಿದ್ದರೆ ಸುಮ್ನೆ ಇರಿ.

ವರ್ಷಕ್ಕೊಮ್ಮೆಯಾದರೂ ಮಡಿಕೇರಿಗೆ ಕರೆದುಕೊಂಡು ಹೋಗಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಗೋಪುರ, ಮುಂದೆ ಕೊಳ. ನೀರಿನಲ್ಲಿ ತಲೆಕೆಳಗಾದ ದೇವಸ್ಥಾನವನ್ನೂ ಬಿಡಿಸಲು ಹೇಳಿ. ಕೋಟೆಯೊಳಗಿನ ಗಾರೆಯ ಆನೆಗಳ ಸುತ್ತ ಮಕ್ಕಳನ್ನು ಬೇರೆ ಬೇರೆ ದಿಕ್ಕಿಗೆ ಕೂರಿಸಿ. ಒಂದೇ ಆನೆ, ಮೂವತ್ತು ಚಿತ್ರ, ಒಂದರ ಹಾಗೆ ಒಂದಿಲ್ಲ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋಗಲಾದರೆ ಇನ್ನೂ ಒಳ್ಳೆಯದು. 1790ರ ದಶಕದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಆ ಮನೆಯ ಗೋಡೆಗಳ ಮೇಲೆ ಇವತ್ತಿಗೂ ಚಿತ್ರಗಳಿವೆ. ಮಡಿಕೇರಿ ದಸರಾ ಹೊತ್ತಿನಲ್ಲಿ ದೇವರು, ರಾಕ್ಷಸರ ದೊಡ್ಡ ಬೊಂಬೆಗಳ ಮಂಟಪ ಕಟ್ಟುವ ಜಾಗಕ್ಕೆ ಹೋಗಿ, ಮೆರವಣಿಗೆಗೆ ಮೊದಲು. ಮುಗಿದ ರಾಕ್ಷಸನಿಗಿಂತ ಅರ್ಧ ಕಟ್ಟಿದ ರಾಕ್ಷಸನಿಂದ ಮಕ್ಕಳು ಜಾಸ್ತಿ ಕಲಿಯುತ್ತಾರೆ.

ಅಂಕ ಹೇಗೆ ಕೊಡುವುದು ಅಂತ ನೀವು ಕೇಳಿಲ್ಲ, ಆದರೆ ಜೂನ್ ಮುಗಿಯುವುದರೊಳಗೆ ಕೇಳುತ್ತೀರಿ. ಒಬ್ಬೊಬ್ಬರಿಗೂ ಒಂದು ಫೈಲ್ ಇಡಿ. ಎಲ್ಲ ಚಿತ್ರದ ಹಿಂದೆ ತಾರೀಕು ಇರಲಿ. ಅವನ ಜೂನ್ ಎಲೆಯ ಪಕ್ಕ ಅವನದೇ ಫೆಬ್ರವರಿ ಎಲೆ ಇಟ್ಟು ನೋಡಿ ಅಂಕ ಕೊಡಿ, ಪಕ್ಕದ ಹುಡುಗನ ಎಲೆ ಬೇಡ. ನಿಜವಾಗಿ ಆಸಕ್ತಿ ಇರುವವರಿಗೆ ನಮ್ಮ ರಾಜ್ಯದ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿವೆ. ಅರ್ಜಿ ಕರೆದಾಗ ಹೆಡ್‌ಮಾಸ್ಟರ ಹತ್ತಿರ ವಿಚಾರಿಸಿ. ಪಿ.ಯು. ಮುಗಿಸಿ ಇದನ್ನೇ ಓದಬೇಕು ಅನ್ನುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ನಮಗೆ ಹತ್ತಿರವೇ. ಇದನ್ನು ತಂದೆ ತಾಯಿಗೂ ಹೇಳಿ, ಎಷ್ಟೋ ಮನೆಗಳಲ್ಲಿ ಅಂಥ ಕಾಲೇಜು ಇದೆ ಅನ್ನುವುದೇ ಗೊತ್ತಿರುವುದಿಲ್ಲ.

ಬೋರ್ಡ್ ಮೇಲಿನ ಹಸು ನೋಡಿ ಮಕ್ಕಳು ನಗುತ್ತಾರೆ ಅಂದಿರಿ. ಹಾಗಾದರೆ ಎಲೆಯ ದಿನ ಬೋರ್ಡ್ ಬಿಟ್ಟು ಮಕ್ಕಳ ಜೊತೆ ಬೆಂಚಿನಲ್ಲಿ ಕೂರಿ. ನಿಮ್ಮ ಮುಂದೆಯೂ ಎರಡು ಎಲೆ, ಒಂದು ಹಾಳೆ. ನೀವೂ ಹಾಳೆ ನೋಡದೆ ಬಿಡಿಸಿ. ಕೊನೆಯಲ್ಲಿ ಎಲ್ಲರ ಚಿತ್ರಗಳನ್ನು ಗೋಡೆಗೆ ಅಂಟಿಸುವಾಗ ನಿಮ್ಮದನ್ನೂ ನಡುವೆ ಎಲ್ಲಾದರೂ ಅಂಟಿಸಿ, ಹೆಸರು ಹಿಂದೆ ಇರಲಿ. ಯಾವುದು ಮಿಸ್ ಬಿಡಿಸಿದ್ದು ಅಂತ ಅವರು ಹುಡುಕಲಿ.