ಸಾವಿರ ಎಲೆಗೆ ಒಬ್ಬನೇ ಬಡಿಸಿದರೆ: ಬ್ರೌಸರ್‌ನಲ್ಲಿ ಫೋಟೊ ಎಫೆಕ್ಟ್ ಚುರುಕಾದ ಕಥೆ

ಫೋಟೊ ಎಡಿಟ್ ಮಾಡುವಾಗ ಬ್ಲರ್ ಸ್ಲೈಡರ್ ಎಳೆಯುತ್ತೀರಿ. ಬೆರಳು ಜರುಗಿದ ಹಾಗೇ ಚಿತ್ರ ಮಸುಕಾಗುತ್ತಾ ಹೋಗುತ್ತದೆ. ಇದರಲ್ಲೇನು ಮಹಾ ಅನ್ನಿಸಬಹುದು. 2010ರ ಸುಮಾರಿಗೆ ದೊಡ್ಡ ಫೋಟೊ ಹಾಕಿ ಬ್ರೌಸರ್ ಒಳಗೆ ಇದನ್ನೇ ಮಾಡಹೊರಟರೆ ಪುಟವೇ ಕಲ್ಲಿನಂತೆ ನಿಂತುಬಿಡುತ್ತಿತ್ತು.

ಸ್ವಲ್ಪ ಲೆಕ್ಕ ಹಾಕೋಣ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 1.2 ಕೋಟಿ ಚುಕ್ಕಿ. ಬ್ಲರ್ ಅಂದರೆ ಪ್ರತಿ ಚುಕ್ಕಿಯೂ ಸುತ್ತಲಿನವರ ಬಣ್ಣ ಕೇಳಿ ಸರಾಸರಿ ತೆಗೆಯುವುದು. ಎಲ್ಲ ಕಡೆ 20 ಚುಕ್ಕಿ ದೂರದವರೆಗೆ ನೋಡಿದರೆ 41 × 41, ಅಂದರೆ 1,681 ಚುಕ್ಕಿ. 1.2 ಕೋಟಿಯಿಂದ ಗುಣಿಸಿದರೆ 2,000 ಕೋಟಿ ದಾಟುತ್ತದೆ. ಇದಕ್ಕೆ ಒಂದು ಹಳೇ ಉಪಾಯ ಇದೆ. ಮೊದಲು ಅಡ್ಡಡ್ಡ ಮಸುಕು ಮಾಡಿ, ಆಮೇಲೆ ಉದ್ದುದ್ದ. ಗಾಸಿಯನ್ ಬ್ಲರ್‌ಗೆ ಹೀಗೆ ಮಾಡಿದರೂ ಚಿತ್ರ ಅದೇ ಬರುತ್ತದೆ, ಆದರೆ ಒಂದು ಚುಕ್ಕಿಗೆ 82 ಸಲ ನೋಡಿದರೆ ಸಾಕು. ಒಟ್ಟು 98 ಕೋಟಿ ಚಿಲ್ಲರೆ. ಆದರೂ ಬ್ರೌಸರ್ ಒಳಗೆ ಓಡುವ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಆಗ ಅದು ಹೊರಲಾರದ ಹೊರೆ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಸಾವಿರ ಎಲೆಗೆ ಒಬ್ಬನೇ ಬಡಿಸಲು ನಿಂತರೆ, ಅವನೆಷ್ಟೇ ಚುರುಕಾಗಿರಲಿ, ಕೊನೆಯ ಎಲೆಗೆ ಸಾರು ಬರುವಷ್ಟರಲ್ಲಿ ಮೊದಲ ಎಲೆಯವರು ಎದ್ದು ಕೈ ತೊಳೆದಿರುತ್ತಾರೆ. ಕಂಪ್ಯೂಟರಿನ ಮುಖ್ಯ ಚಿಪ್ಪಾದ ಸಿಪಿಯು ಆ ಒಬ್ಬ. ಚಿತ್ರದ ಕೆಲಸಕ್ಕೆಂದೇ ಇರುವ ಚಿಪ್ಪಾದ ಜಿಪಿಯು ಅಂದರೆ ಸೌಟು ಹಿಡಿದು ಸಾಲಾಗಿ ನಿಂತ ನೂರಾರು ಹುಡುಗರು. ಒಬ್ಬೊಬ್ಬರೂ ಅಂಥ ಜಾಣರೇನಲ್ಲ, ಆದರೆ ಎಲ್ಲರೂ ಒಟ್ಟಿಗೆ ಬಗ್ಗಿ ಬಡಿಸುತ್ತಾರೆ. ಏನು ಬಡಿಸಬೇಕೆಂದು ಅವರ ಕೈಗೆ ಕೊಡುವ ಚೀಟಿಯೇ ಶೇಡರ್ ಎಂಬ ಪುಟ್ಟ ಪ್ರೋಗ್ರಾಂ.

ಈ ಹುಡುಗರನ್ನು ಸಾಕಿದ್ದು ವಿಡಿಯೊ ಗೇಮ್ ಉದ್ಯಮ. 2001ರ ಜೀಫೋರ್ಸ್ 3 ಕಾರ್ಡ್‌ನಿಂದ ಪ್ರೋಗ್ರಾಮರ್‌ಗಳು ತಮ್ಮದೇ ಶೇಡರ್ ಬರೆಯುವಂತಾಯಿತು. 2005ರಲ್ಲಿ ಆಪಲ್ ತನ್ನ ಮ್ಯಾಕ್ ಕಂಪ್ಯೂಟರ್ ವ್ಯವಸ್ಥೆಯ ಟೈಗರ್ ಆವೃತ್ತಿಯಲ್ಲಿ ಕೋರ್ ಇಮೇಜ್ ಎಂಬ ಸೌಲಭ್ಯ ಕೊಟ್ಟು, ಅದೇ ಶಕ್ತಿಯನ್ನು ಫೋಟೊ ಕೆಲಸಕ್ಕೆ ಹಚ್ಚಿತು. ಬ್ರೌಸರ್ ಮಾತ್ರ ಹೊರಗೇ ಉಳಿಯಿತು. ಫೈರ್‌ಫಾಕ್ಸ್ ಬ್ರೌಸರ್ ತಯಾರಿಸುವ ಮೊಜಿಲ್ಲಾದ ವ್ಲಾದಿಮಿರ್ ವುಕಿಚೆವಿಚ್ 2006ರಲ್ಲೇ ಪ್ರಯೋಗ ತೋರಿಸಿದ್ದರು, ಆದರೆ ಅದು ವೆಬ್ ಪುಟಗಳು ಜಿಪಿಯು ಬಳಸುವ ವ್ಯವಸ್ಥೆಯಾದ ವೆಬ್‌ಜಿಎಲ್ 1.0 ಆಗಿ ಹೊರಬಂದಿದ್ದು 2011ರ ಮಾರ್ಚ್‌ನಲ್ಲಿ.

ಅದೇ ವರ್ಷ, ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇವಾನ್ ವಾಲೆಸ್ ಜಿಎಲ್‌ಎಫ್‌ಎಕ್ಸ್ ಡಾಟ್ ಜೆಎಸ್ ಎಂಬ ಪುಟ್ಟ ಲೈಬ್ರರಿ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡ್, ಹೊರತಂದರು. ಬಳಸುವುದು ಎಷ್ಟು ಸಲೀಸು ಅಂದರೆ, ಚಿತ್ರ ಹಾಕು, ಇಂಕ್ ಎಫೆಕ್ಟ್ ಕೊಡು, ತೋರಿಸು ಎಂಬ ಮೂರು ಮಾತು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಸ್ವರ್ಲ್ ಎಫೆಕ್ಟನ್ನೇ ನೋಡಿ. ಮುಖವನ್ನು ಸುಳಿಯಂತೆ ತಿರುಚುತ್ತದೆ. ಚುಕ್ಕಿಗಳನ್ನು ಎತ್ತಿ ತಿರುಗಿಸುತ್ತಾರೆ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲ, ಉಲ್ಟಾ. ಪ್ರತಿ ಜಾಗವೂ ‘ನನಗೆ ಬಣ್ಣ ಎಲ್ಲಿಂದ ತರಲಿ?’ ಎಂದು ಹಿಂದಕ್ಕೆ ಲೆಕ್ಕ ಹಾಕಿ, ಹಳೇ ಚಿತ್ರದಿಂದ ತಂದುಕೊಳ್ಳುತ್ತದೆ. ಯಾರ ಎಲೆಯಲ್ಲಿ ಏನಿದೆ ಅಂತ ಬೇಕಾದರೆ ನೋಡಬಹುದು. ಬಡಿಸುವುದು ಮಾತ್ರ ತನ್ನ ಎಲೆಗೇ.

ನನಗೆ ಇಷ್ಟವಾದದ್ದು ಅದರ ಬ್ಲರ್ ಕೋಡ್. ರೇಡಿಯಸ್, ಅಂದರೆ ಬ್ಲರ್ ಹರಡುವ ದೂರ, ಎಷ್ಟೇ ಇರಲಿ, ಒಂದು ದಿಕ್ಕಿಗೆ ನೋಡುವುದು –30ರಿಂದ 30ರವರೆಗೆ, 61 ಸಲ ಅಷ್ಟೇ. ದೊಡ್ಡ ಬ್ಲರ್‌ಗೆ ಇದು ಸಾಲದು, ಚಿತ್ರದಲ್ಲಿ ಪಟ್ಟೆ ಕಾಣಿಸುತ್ತದೆ. ಅದಕ್ಕೆ ವಾಲೆಸ್ ಪ್ರತಿ ಚುಕ್ಕಿಯಲ್ಲೂ ನೋಡುವ ಜಾಗವನ್ನು ಒಂಚೂರು ಆಚೀಚೆ ಅಲ್ಲಾಡಿಸಿದರು. ಪಟ್ಟೆ ಹೋಗಿ ಸಣ್ಣ ರವೆಯಂಥ ತರಿ ಉಳಿಯಿತು. ಕಣ್ಣು ಅದನ್ನು ಸುಲಭವಾಗಿ ಕ್ಷಮಿಸುತ್ತದೆ. ಹೀಗೆ ಅಲ್ಲಾಡಿಸಲು ಬಳಸಿದ 12.9898, 78.233 ಎಂಬ ಅಂಕಿಗಳನ್ನು ಶೇಡರ್ ಬರೆಯುವವರೆಲ್ಲ ಮಂತ್ರದಂತೆ ಒಬ್ಬರಿಂದೊಬ್ಬರು ಕಾಪಿ ಮಾಡುತ್ತಾ ಬಂದಿದ್ದಾರೆ.

 

ಬಾಗಿಲು ತೆರೆದ ಮೇಲೆ ಕಳ್ಳರ ಭಯವೂ ಶುರುವಾಯಿತು. ಬೇರೆ ಸೈಟಿನ ಚಿತ್ರವನ್ನು ನಿಮ್ಮ ಪುಟದಲ್ಲಿ ತೋರಿಸಬಹುದು, ಆದರೆ ಅದರ ಚುಕ್ಕಿಗಳನ್ನು ಓದುವ ಹಾಗಿಲ್ಲ. ಬ್ರೌಸರ್‌ನ ಹಳೇ ನಿಯಮ ಅದು. ಶೇಡರ್ ಬಂದ ಮೇಲೆ ಒಂದು ಸಂದಿ ಸಿಕ್ಕಿತು. ಚುಕ್ಕಿ ಬೆಳ್ಳಗಿದ್ದರೆ ಜಾಸ್ತಿ ಹೊತ್ತು, ಕಪ್ಪಗಿದ್ದರೆ ಕಡಿಮೆ ಹೊತ್ತು ಓಡುವಂಥ ಶೇಡರ್ ಬರೆಯಿರಿ. ಗಡಿಯಾರ ಹಿಡಿದು ಕೂತರೆ ಚಿತ್ರವನ್ನು ಓದದೆಯೇ ಊಹಿಸಬಹುದು! 2011ರಲ್ಲಿ ಭದ್ರತಾ ತಜ್ಞರು ಇದನ್ನು ತೋರಿಸಿದರು. ಫೈರ್‌ಫಾಕ್ಸ್ 5 ಬೇರೆ ಸೈಟಿನ ಚಿತ್ರಗಳನ್ನು ವೆಬ್‌ಜಿಎಲ್‌ಗೆ ಬಿಡುವುದನ್ನೇ ನಿಲ್ಲಿಸಿತು. ಚಿತ್ರದ ಮಾಲೀಕ ಸೈಟು ತಾನಾಗಿ ಅನುಮತಿ ಕೊಟ್ಟರೆ ಮಾತ್ರ ಬಿಡುವ ಪದ್ಧತಿ ಆಮೇಲೆ ಬಂತು. ಮೈಕ್ರೋಸಾಫ್ಟ್ ಅಂತೂ ವೆಬ್‌ಜಿಎಲ್ಲೇ ಅಪಾಯಕಾರಿ ಎಂದು ಆ ಜೂನ್‌ನಲ್ಲಿ ಸಾರಿತು, 2013ರಲ್ಲಿ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಸುಮ್ನೆ ಸೇರಿಸಿಕೊಂಡಿತು. ಅನುಮತಿಯ ಆ ನಿಯಮದ ಬಿಸಿ ನನಗೂ ತಟ್ಟಿದೆ. ಬೇರೆ ಸರ್ವರ್‌ನಲ್ಲಿದ್ದ ಫೋಟೊಗೆ ಎಫೆಕ್ಟ್ ಹಾಕಲು ಹೋಗಿ, ಖಾಲಿ ಚೌಕ ನೋಡುತ್ತಾ ಅರ್ಧ ದಿನ ಕಳೆದಿದ್ದೇನೆ.

ವಾಲೆಸ್ ಮುಂದೆ ಡಿಲನ್ ಫೀಲ್ಡ್ ಜತೆ 2012ರಲ್ಲಿ ಫಿಗ್ಮಾ ಕಟ್ಟಿದರು. ಬ್ರೌಸರ್ ಒಳಗೇ ಓಡುವ ಡಿಸೈನ್ ತಂತ್ರಾಂಶ, ಚಿತ್ರಿಸುವುದೆಲ್ಲ ವೆಬ್‌ಜಿಎಲ್ ಮೇಲೆ. ಅದನ್ನು 2,000 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2022ರಲ್ಲಿ ಘೋಷಿಸಿದ್ದು ಫೋಟೊಶಾಪ್‌ನ ಒಡೆಯ ಅಡೋಬಿಯೇ. ಯುರೋಪ್ ಮತ್ತು ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರ ತಕರಾರಿನಿಂದ 2023ರ ಡಿಸೆಂಬರ್‌ನಲ್ಲಿ ಅದು ಮುರಿದುಬಿತ್ತು.

ಜಿಎಲ್‌ಎಫ್‌ಎಕ್ಸ್‌ನಲ್ಲಿ ಹೊಸ ಕೆಲಸ ನಿಂತು ವರ್ಷಗಳೇ ಆದವು. ಕ್ರೋಮ್‌ಗೆ 2023ರಲ್ಲಿ ವೆಬ್‌ಜಿಎಲ್‌ನ ಮುಂದಿನ ಪೀಳಿಗೆಯಾದ ವೆಬ್‌ಜಿಪಿಯು ಬಂತು. ಪಕ್ಕಪಕ್ಕದ ಚುಕ್ಕಿಗಳು ಬ್ಲರ್‌ಗಾಗಿ ನೋಡುವುದು ಹೆಚ್ಚುಕಮ್ಮಿ ಅದೇ ನೆರೆಯವರನ್ನು. ಹಳೇ ವ್ಯವಸ್ಥೆಯಲ್ಲಿ ಪ್ರತಿ ಹುಡುಗನೂ ತಾನೇ ಅಡುಗೆಮನೆಗೆ ಓಡಬೇಕಿತ್ತು. ಈಗ ಅಕ್ಕಪಕ್ಕದವರು ಸೇರಿ ಒಂದು ಪಾತ್ರೆ, ಅಂದರೆ ಹಂಚಿಕೊಂಡ ಮೆಮೊರಿ, ನಡುವೆ ಇಟ್ಟುಕೊಂಡು, ಅದರಿಂದಲೇ ಬಡಿಸಬಹುದು.